ಎಪ್ಪತ್ತೊಂದು ಗಂಟೆಗೊಂದು ನಡೆ: ಒಂದು ಕರೆಸ್ಪಾಂಡೆನ್ಸ್ ಚೆಸ್ ಪ್ರಕರಣ

ಈ ಆಟದ 23ನೇ ನಡೆಯವರೆಗೆ ನನ್ನ ಎದುರಾಳಿಯ ಬಗ್ಗೆ ಯಾವ ದೂರೂ ಇರಲಿಲ್ಲ. ಬೆಳಿಗ್ಗೆ ನಡೆ ಕಳಿಸಿದರೆ ಸಂಜೆಯೊಳಗೆ ಉತ್ತರ ಬರುತ್ತಿತ್ತು. ನಾನೂ ಹೆಚ್ಚು ಹೊತ್ತು ಕೂರುವವನಲ್ಲ. ಮೊದಲ 23 ನಡೆಗಳು ಮೂರೇ ವಾರದಲ್ಲಿ ಮುಗಿದಿದ್ದವು. ದೂರದಲ್ಲಿರುವ ಇಬ್ಬರು ಒಂದೊಂದೇ ನಡೆ ಕಳಿಸುತ್ತಾ, ಹಿಂದೆ ಅಂಚೆ ಕಾರ್ಡಿನಲ್ಲಿ, ಈಗ ಸೈಟ್‌ನಲ್ಲಿ, ದಿನಗಟ್ಟಲೆ ಆಡುವ ಆಟವೇ ಕರೆಸ್ಪಾಂಡೆನ್ಸ್ ಅಥವಾ ಅಂಚೆ ಚೆಸ್. ಅದರ ಲೆಕ್ಕದಲ್ಲಿ ಇದು ಓಟವೇ ಸರಿ.

24ನೇ ನಡೆಯಲ್ಲಿ ನನ್ನ ಕುದುರೆ ಅವರ ರಾಜನಿಗೆ ಚೆಕ್ ಕೊಟ್ಟಿತು. ಅದೇ ಹೊಡೆತದಲ್ಲಿ ಆನೆಯನ್ನೂ ಹಿಡಿಯಿತು. ರಾಜನನ್ನು ಸರಿಸಲೇಬೇಕು, ಆನೆ ಹೋಗಲೇಬೇಕು. ಅವರಿಗೆ ಬದಲಿಗೆ ಸಿಗುವುದು ಒಂದು ಕುದುರೆ ಮಾತ್ರ. ಮಟ್ಟ ಗೊತ್ತಿರುವ ಆಟಗಾರರ ನಡುವೆ ಇಷ್ಟಾದರೆ ಆಟ ಮುಕ್ಕಾಲು ಪಾಲು ಮುಗಿದ ಹಾಗೆ.

ಆ ರಾಜನ ನಡೆಗೆ ಅವರು ತೆಗೆದುಕೊಂಡದ್ದು 61 ಗಂಟೆ. ಮುಂದಿನದಕ್ಕೆ 66. ಅದರ ಮುಂದಿನದಕ್ಕೆ 70.

ನಮ್ಮ ಪಂದ್ಯಾವಳಿಯ ನಿಯಮ ಸರಳವಾಗಿತ್ತು. ಒಂದು ನಡೆಗೆ ಮೂರು ದಿನ, ಅಂದರೆ 72 ಗಂಟೆ. ಬೇಗ ಆಡಿದರೆ ಉಳಿದ ಸಮಯ ಜಮಾ ಆಗುವುದಿಲ್ಲ. ಪ್ರತಿ ನಡೆಗೂ ಗಡಿಯಾರ ಹೊಸದಾಗಿ 72ರಿಂದ ಶುರು. ರಜೆ ಹಾಕುವ ಅವಕಾಶ ಇಲ್ಲ. ನಡೆ ಹೇಳಿಕೊಡುವ ಕಂಪ್ಯೂಟರ್ ಎಂಜಿನ್ ಬಳಸುವಂತಿಲ್ಲ. ಗುಂಪಿನಲ್ಲಿ ಆರು ಜನ, ಇಬ್ಬರಿಗೆ ಮುಂದಿನ ಸುತ್ತು. ಎಲ್ಲ ಆಟಗಳು ಮುಗಿಯದೆ ಮುಂದಿನ ಸುತ್ತು ಶುರುವಾಗುವುದಿಲ್ಲ. ಕೊನೆಗೆ ಉಳಿದದ್ದು ನಮ್ಮಿಬ್ಬರ ಆಟ ಒಂದೇ. ಅದಕ್ಕಾಗಿ ಮಿಕ್ಕವರೆಲ್ಲ ಕಾಯುತ್ತಿದ್ದರು.

24ನೇ ನಡೆಯಿಂದ 50ನೇ ನಡೆಯವರೆಗೆ, ಅಂದರೆ 27 ನಡೆಗಳಿಗೆ, ಎರಡೂವರೆ ತಿಂಗಳು ಹಿಡಿಯಿತು. ನಾನು ನನ್ನ ನಡೆಯನ್ನು ಹೆಚ್ಚೆಂದರೆ ಒಂದೆರಡು ಗಂಟೆಯಲ್ಲಿ ಕಳಿಸುತ್ತಿದ್ದೆ. ಆಮೇಲೆ ಆಮೇಲೆ ಒಂದೆರಡು ನಿಮಿಷದಲ್ಲಿ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಇದೇ ನನ್ನ ಕುತ್ತಿಗೆಗೆ ಬಂತು.

ಇದಕ್ಕೊಂದು ಹೆಸರೇ ಇದೆ

ಸೋಲುವಾಗ ನಿಧಾನವಾಗುವುದು ಈ ಆಟಕ್ಕೆ ಹೊಸದಲ್ಲ. ಅಂತರರಾಷ್ಟ್ರೀಯ ಕರೆಸ್ಪಾಂಡೆನ್ಸ್ ಚೆಸ್ ಒಕ್ಕೂಟ, ಅಂದರೆ ಐಸಿಸಿಎಫ್, 1951ರಲ್ಲಿ ಶುರುವಾಯಿತು. ಅದರ ಧ್ಯೇಯವಾಕ್ಯ ಲ್ಯಾಟಿನ್‌ನಲ್ಲಿದೆ: ‘ಅಮೀಚಿ ಸುಮುಸ್’. ‘ನಾವು ಗೆಳೆಯರು’ ಎಂದು ಅರ್ಥ. ಆ ಗೆಳೆಯರ ನಡುವೆಯೇ ಹುಟ್ಟಿದ ಇನ್ನೊಂದು ಮಾತು ‘ಡೆಡ್ ಮ್ಯಾನ್ಸ್ ಡಿಫೆನ್ಸ್’. ಸತ್ತವನ ರಕ್ಷಣೆ! ಆಟ ಶುರು ಮಾಡುವ ಪ್ರಸಿದ್ಧ ಪದ್ಧತಿಗಳಾದ ಸಿಸಿಲಿಯನ್ ಡಿಫೆನ್ಸ್, ಫ್ರೆಂಚ್ ಡಿಫೆನ್ಸ್ ಇದ್ದ ಹಾಗೆ ಇದೂ ಒಂದು. ಆಟ ಸತ್ತಿದೆ, ಆದರೂ ಸೋಲೊಪ್ಪದೆ ಗಡಿಯಾರದ ಕೊನೆಯ ಹನಿಯವರೆಗೂ ಎಳೆಯುವುದು.

ಐಸಿಸಿಎಫ್‌ನ ಹಳೆಯ, ಬಹಳ ಬಳಕೆಯಲ್ಲಿದ್ದ ನಿಯಮ 10 ನಡೆಗೆ 50 ದಿನ. ಅಲ್ಲಿ ಉಳಿಸಿದ ದಿನಗಳು ಜಮಾ ಆಗುತ್ತವೆ. ನಮ್ಮ ಎದುರಾಳಿಯ ವೇಗದಲ್ಲಿ ಮೊದಲ 20 ನಡೆ ಆಡಿದವರ ಖಾತೆಯಲ್ಲಿ 80 ದಿನಕ್ಕಿಂತ ಜಾಸ್ತಿ ಉಳಿದಿರುತ್ತದೆ. ಕುದುರೆ ಹೊಡೆತ ಬಿದ್ದ ದಿನ ಅವರು ಆ ಇಡೀ ಗಂಟನ್ನು ಬಿಚ್ಚಿಕೊಂಡು ಕೂರಬಹುದು. ಅದಕ್ಕೇ ಅಲ್ಲಿ ಒಂದೇ ನಡೆಗೆ 20 ದಿನ ದಾಟಿದರೆ ಮುಂದಿನ ದಿನಗಳನ್ನು ಎರಡರಷ್ಟು ಎಣಿಸುವ ಪದ್ಧತಿ ಬಂತು. ಇನ್ನೊಂದು ಕಡಿವಾಣವೂ ಇದೆ. ಪಂದ್ಯಾವಳಿಗೆ ಗೊತ್ತುಮಾಡಿದ ಕೊನೆಯ ದಿನ ಬಂದರೆ, ಮುಗಿಯದ ಆಟವನ್ನು ತೀರ್ಪುಗಾರರು ನೋಡಿ ಫಲಿತಾಂಶ ಹೇಳುತ್ತಾರೆ.

ಆನ್‌ಲೈನ್ ಸೈಟ್‌ಗಳಲ್ಲಿ ಲೆಕ್ಕ ಬೇರೆ. ಲಿಚೆಸ್, ಚೆಸ್.ಕಾಮ್ ಎರಡರಲ್ಲೂ ಒಂದು ನಡೆಗೆ 1 ದಿನದಿಂದ 14 ದಿನದವರೆಗೆ ಆರಿಸಿಕೊಳ್ಳಬಹುದು. 14 ದಿನದ ಆಟದಲ್ಲಿ ಒಬ್ಬರು 30 ನಡೆ ಎಳೆಯಬೇಕು ಅಂದುಕೊಂಡರೆ 420 ದಿನ. ಒಂದು ವರ್ಷಕ್ಕಿಂತ ಜಾಸ್ತಿ! ನೇರ ಆಟದಲ್ಲಿ, ಅಂದರೆ ಹತ್ತು ನಿಮಿಷದ ಆಟದಲ್ಲಿ, ಸೋಲುವಾಗ ಸುಮ್ನೆ ಕೂತರೆ ಲಿಚೆಸ್ ಅದನ್ನು ಗುರುತಿಸಿ ಸ್ವಲ್ಪ ಹೊತ್ತು ಹೊಸ ಆಟಕ್ಕೆ ಬಿಡುವುದಿಲ್ಲ. ದಿನಗಟ್ಟಲೆಯ ಆಟದಲ್ಲಿ ಹಾಗೆ ಗುರುತಿಸುವುದು ಹೇಗೆ? ಮೂರು ದಿನ ಕೊಟ್ಟಿದ್ದೇವೆ, ಮೂರು ದಿನ ತೆಗೆದುಕೊಂಡರು. ತಪ್ಪು ಎಲ್ಲಿದೆ?

ಪಂದ್ಯಾವಳಿಯ ಸಂಘಟಕರಿಗೆ ನಾನು ಬರೆದಾಗ ಬಂದ ಉತ್ತರವೂ ಇದೇ. ‘ಗಡಿಯಾರ ಅವರದು. ಅದನ್ನು ಹೇಗೆ ಖರ್ಚು ಮಾಡಬೇಕು ಅನ್ನುವುದೂ ಅವರದೇ.’ ಓದಿದಾಗ ಸಿಟ್ಟು ಬಂತು. ಈಗ ಅನಿಸುತ್ತದೆ, ಅವರು ಇನ್ನೇನು ಹೇಳಬಹುದಿತ್ತು?

ನಾನು ಮಾಡಿದ ತನಿಖೆ

ಸಿಟ್ಟು ಬಂದವನು ಮಾಡುವ ಕೆಲಸವನ್ನೇ ಮಾಡಿದೆ. ಲೆಕ್ಕ ಬರೆಯಲು ಕೂತೆ. ಪ್ರತಿ ನಡೆಗೆ ಅವರು ತೆಗೆದುಕೊಂಡ ಗಂಟೆಗಳನ್ನು ಒಂದು ಹಾಳೆಯಲ್ಲಿ ಗುರುತು ಹಾಕಿಕೊಂಡೆ. ಮೊದಲ 23 ನಡೆಗಳಲ್ಲಿ ಅತಿ ಹೆಚ್ಚು 31 ಗಂಟೆ. ಹೆಚ್ಚಿನವು ಅರ್ಧ ದಿನದೊಳಗೆ. 24ರ ನಂತರ 60ಕ್ಕಿಂತ ಕಡಿಮೆ ಅನ್ನುವುದು ಒಂದೂ ಇಲ್ಲ. ಒಮ್ಮೆಯಂತೂ ಗಡಿಯಾರದಲ್ಲಿ 20 ನಿಮಿಷ ಉಳಿದಿತ್ತು. ಆ ಸಲ ನಾನು ಎಚ್ಚರವಾಗಿದ್ದು ಸೆಕೆಂಡು ಎಣಿಸುತ್ತಾ ಕೂತಿದ್ದೆ ಅಂತ ಒಪ್ಪಿಕೊಳ್ಳುವುದಕ್ಕೆ ಸ್ವಲ್ಪ ನಾಚಿಕೆ.

ನಿಧಾನಕ್ಕೆ ಒಳ್ಳೆಯ ಕಾರಣವೂ ಇರಬಹುದು. ಸೋಲುವ ಸ್ಥಿತಿ ನಿಜಕ್ಕೂ ಕಷ್ಟ. ಗೆಲ್ಲುವವನಿಗೆ ನಾಲ್ಕು ದಾರಿ ಇದ್ದರೆ ನಾಲ್ಕರಲ್ಲೂ ಗೆಲುವು. ಸೋಲುವವನಿಗೆ ಇರುವ ಒಂದು ಕಿಂಡಿಯನ್ನು ಹುಡುಕಬೇಕು. ಹುಡುಕಲು ಹೊತ್ತು ಬೇಕಲ್ವಾ? ಈ ವಾದವನ್ನು ನಾನು ಮೊದಲು ಗಂಭೀರವಾಗಿಯೇ ತೆಗೆದುಕೊಂಡೆ.

ಅದು 28ನೇ ನಡೆಯಲ್ಲಿ ಬಿದ್ದುಹೋಯಿತು. ನಾನು ಒಂಟೆಯಿಂದ ಅವರ ಒಂಟೆಯನ್ನು ಹೊಡೆದೆ. ವಾಪಸ್ ಹೊಡೆಯದಿದ್ದರೆ ಇನ್ನೊಂದು ಕಾಯಿ ಸುಮ್ನೆ ಹೋಗುತ್ತದೆ. ಹೊಡೆಯಲು ಇದ್ದದ್ದು ಒಂದೇ ಒಂದು ಕಾಲಾಳು. ಯೋಚಿಸುವುದಕ್ಕೆ ಏನೂ ಇಲ್ಲ. ಅದಕ್ಕೂ 69 ಗಂಟೆ. ಅಂದರೆ ಈ ಗಂಟೆಗಳು ಯೋಚನೆಯ ಗಂಟೆಗಳಲ್ಲ.

ಹಾಗಾದರೆ ಬೇಕಂತಲೇ ಸತಾಯಿಸುತ್ತಿದ್ದಾರೆ ಎಂದು ತೀರ್ಮಾನಿಸಿದೆ. ಸಾಕ್ಷಿಯೂ ಸಿಕ್ಕಿತು. ಅವರ ಹೆಸರಿನ ಪಕ್ಕದಲ್ಲಿ ಹಸಿರು ಚುಕ್ಕೆ ದಿನವೂ ಕಾಣುತ್ತಿತ್ತು. ಸೈಟ್‌ನಲ್ಲಿ ಎಲ್ಲರ ಆಟವನ್ನೂ ಯಾರು ಬೇಕಾದರೂ ನೋಡಬಹುದು. ನೋಡಿದೆ. ಬೇರೆ ಆಟಗಳಲ್ಲಿ ಅವರು ದಿನಕ್ಕೆ ಎರಡು ಮೂರು ನಡೆ ಆಡುತ್ತಿದ್ದರು. ನಮ್ಮ ಆಟವನ್ನು ಮಾತ್ರ ಮುಟ್ಟುತ್ತಿರಲಿಲ್ಲ.

ಅಷ್ಟಕ್ಕೇ ನಿಲ್ಲಿಸದೆ ಇನ್ನೂ ಸ್ವಲ್ಪ ನೋಡಿದ್ದರೆ ಬೇರೆಯದೇ ಚಿತ್ರ ಕಾಣುತ್ತಿತ್ತು. ಅವರು ಒಟ್ಟು 30ಕ್ಕೂ ಹೆಚ್ಚು ಆಟ ಒಟ್ಟಿಗೆ ಆಡುತ್ತಿದ್ದರು. ಅವುಗಳಲ್ಲಿ ನಿಧಾನವಾಗಿದ್ದದ್ದು ನಮ್ಮದೊಂದೇ ಅಲ್ಲ, ಮೂರು ಇದ್ದವು. ಮೂರರಲ್ಲೂ ಅವರ ಸ್ಥಿತಿ ಕೆಟ್ಟಿತ್ತು. ಒಂದರಲ್ಲಂತೂ ಎದುರಾಳಿ ತನ್ನ ನಡೆ ಆಡಿ ಸೈಟ್ ಬಿಟ್ಟೇ ಹೋಗಿದ್ದರೂ ಇವರು ಉತ್ತರಕ್ಕೆ ತೆಗೆದುಕೊಂಡದ್ದು 70 ಗಂಟೆಯೇ. ಸತಾಯಿಸಲು ಅಲ್ಲಿ ಎದುರಿಗೆ ಯಾರೂ ಇರಲಿಲ್ಲ! ಇದನ್ನು ನಾನು ಗಮನಿಸಿದ್ದು ಆಟವೆಲ್ಲ ಮುಗಿದ ಮೇಲೆ, ಈ ಬರಹಕ್ಕೆ ಕೂತಾಗ.

ದಿನಗಟ್ಟಲೆಯ ಚೆಸ್ ಆಡುವವರ ದಿನ ಹೇಗಿರುತ್ತದೆ ಅಂತ ಆಡದವರಿಗೆ ಹೇಳಬೇಕು. ಸೈಟ್ ತೆರೆದರೆ ‘ನಿಮ್ಮ ಸರದಿ’ ಅಂತ ಒಂದು ಸಾಲು ಆಟಗಳು. 20 ನಿಮಿಷ ಇದೆ. ಯಾವುದನ್ನು ತೆರೆಯುತ್ತೀರಿ? ಚೆನ್ನಾಗಿ ನಡೆಯುತ್ತಿರುವುದನ್ನು. ಅಥವಾ ಯಾವ ಕಡೆಗೂ ವಾಲದೆ ಕುತೂಹಲ ಹುಟ್ಟಿಸುವುದನ್ನು. ಆನೆ ಕಳೆದುಕೊಂಡ ಆಟವನ್ನು ‘ಆಮೇಲೆ ನೋಡೋಣ’ ಅಂತ ತಳಕ್ಕೆ ತಳ್ಳುತ್ತೀರಿ. ನಾಳೆಯೂ ಅದೇ. ಮೂರನೇ ದಿನ ಸೈಟ್ ಕೆಂಪು ಬಣ್ಣದಲ್ಲಿ ‘ಒಂದು ಗಂಟೆ ಉಳಿದಿದೆ’ ಅಂದಾಗ ಹೇಗೋ ಒಂದು ನಡೆ ಆಡಿ ಮುಚ್ಚುತ್ತೀರಿ. ಹೊರಗಿನಿಂದ ನೋಡಿದರೆ ಇದು 71 ಗಂಟೆಯ ಹಟ. ಒಳಗಿನಿಂದ ನೋಡಿದರೆ ಒಂದು ನಿಮಿಷದ ಕೆಲಸ, ಅದರ ಹಿಂದೆ ಮೂರು ದಿನದ ಮುಖ ತಿರುಗಿಸುವಿಕೆ.

ಹಾಗಿದ್ದರೆ ಸೋಲು ಒಪ್ಪಿಕೊಂಡುಬಿಡಬಹುದಲ್ಲ? ಅಲ್ಲಿ ಇನ್ನೊಂದು ವಿಷಯ ಸೇರುತ್ತದೆ. ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾಹ್ನೆಮನ್ ಮತ್ತು ಏಮಸ್ ಟ್ವೆರ್ಸ್ಕಿ 1979ರಲ್ಲಿ ಬರೆದ ಪ್ರಸಿದ್ಧ ಲೇಖನದ ಒಂದು ಮುಖ್ಯ ಮಾತು ಇದು: ಖಚಿತವಾದ ನಷ್ಟ ಎದುರಿಗಿದ್ದಾಗ ಜನ ಅದನ್ನು ಒಪ್ಪುವ ಬದಲು ಜೂಜಿಗೆ ಇಳಿಯುತ್ತಾರೆ. ಅಂಚೆ ಚೆಸ್ಸಿನಲ್ಲಿ ಆ ಜೂಜಿಗೆ ಕಾಸು ಹಾಕಬೇಕಾಗಿಲ್ಲ. ಎಳೆಯುತ್ತಾ ಇದ್ದರೆ ಎದುರಾಳಿ ಗಡಿಯಾರ ಮರೆಯಬಹುದು. ಬೇಸತ್ತು ಆಡುವುದನ್ನೇ ಬಿಡಬಹುದು. ತಪ್ಪು ನಡೆ ಆಡಬಹುದು. ಕಾಗದದಲ್ಲಿ ಆಡುತ್ತಿದ್ದ ಕಾಲದಲ್ಲಿ ಇನ್ನೂ ದೊಡ್ಡ ಸಂಗತಿಗಳೇ ನಡೆದುಹೋಗುತ್ತಿದ್ದವು. 1987ರಲ್ಲಿ ಶುರುವಾದ ಹತ್ತನೇ ಕರೆಸ್ಪಾಂಡೆನ್ಸ್ ಒಲಿಂಪಿಯಾಡ್ ಮುಗಿದದ್ದು 1995ರಲ್ಲಿ. ಅದರಲ್ಲಿ ಪೂರ್ವ ಜರ್ಮನಿಗೆ ಕಂಚು ಬಂತು. ಆ ದೇಶವೇ 1990ರಲ್ಲಿ ಇಲ್ಲವಾಗಿತ್ತು. ಕಾಯುತ್ತಾ ಹೋದರೆ ಏನೂ ಆಗಬಹುದು ಅಂತ ಸೋಲುವವನಿಗೆ ಅನಿಸುವುದರಲ್ಲಿ ಪೂರ್ತಿ ಹುಚ್ಚೇನೂ ಇಲ್ಲ.

ಒಂದು ಸಂದೇಶ, ಅದರ ಫಲ

33ನೇ ನಡೆಯ ಹೊತ್ತಿಗೆ ನನ್ನ ತಾಳ್ಮೆ ತಪ್ಪಿತು. ಆಟದ ಪಕ್ಕದ ಚಾಟ್‌ನಲ್ಲಿ ಹೀಗೆ ಬರೆದೆ: ‘ನಿಮ್ಮ ಗಡಿಯಾರ ಕೆಟ್ಟಿದೆಯೇ ಅಥವಾ ನಿಮಗೆ ಈ ಸ್ಥಿತಿ ಅಷ್ಟು ಇಷ್ಟವೇ?’

ಉತ್ತರ ಬರಲಿಲ್ಲ. ಹಾಳೆಯಲ್ಲಿ ಮಾತ್ರ ಉತ್ತರ ಕಾಣುತ್ತದೆ. ಸಂದೇಶಕ್ಕಿಂತ ಮುಂಚಿನ ಐದಾರು ನಡೆಗಳು 62ರಿಂದ 69 ಗಂಟೆಯವು. ಸಂದೇಶದ ನಂತರದವು 70, 71, 71, 71. ಮುಂಚೆ ಬರೀ ಮುಖ ತಿರುಗಿಸುತ್ತಿದ್ದವರು ಆಮೇಲೆ ನಿಜವಾಗಿಯೂ ಎಳೆಯಲು ಶುರು ಮಾಡಿದರು. ಇಲ್ಲದ ಜಗಳವನ್ನು ನಾನೇ ತಂದಿಟ್ಟೆ. ಆ ಒಂದು ಸಾಲು ನನ್ನ ಈ ಆಟದ ಅತಿ ಕೆಟ್ಟ ನಡೆ ಅಂತ ಬರೆಯಬೇಕು ಅಂದುಕೊಂಡಿದ್ದೆ. ಆದರೆ ಅದಕ್ಕಿಂತ ಕೆಟ್ಟದ್ದು ಮುಂದಿದೆ.

44ನೇ ನಡೆಯಲ್ಲಿ ಸಂಘಟಕರು ಇಬ್ಬರಿಗೂ ಒಂದೇ ಒಕ್ಕಣೆಯ ಪತ್ರ ಬರೆದರು. ಯಾರನ್ನೂ ದೂರಲಿಲ್ಲ. ‘ಮುಂದಿನ ಸುತ್ತು ನಿಮ್ಮ ಆಟಕ್ಕೆ ಕಾಯುತ್ತಿದೆ, ದಯವಿಟ್ಟು ಗಮನಿಸಿ’ ಅಂತ ಅಷ್ಟೇ. ಎದುರಾಳಿ ಮೊದಲ ಸಲ ಬಾಯಿ ಬಿಟ್ಟರು: ‘ಗೊತ್ತಿದೆ. ನಾನು ಇನ್ನೂ ಆಡುತ್ತಿದ್ದೇನೆ.’

ಗೆಲ್ಲುವವನಿಗೆ ಏನಾಯಿತು

ಇಷ್ಟು ಹೊತ್ತು ಸೋಲುವವರ ಗಂಟೆಗಳ ಬಗ್ಗೆಯೇ ಬರೆದೆ. ನನ್ನ ಗಂಟೆಗಳನ್ನೂ ಹೇಳಬೇಕು. ಮೊದಲ 23 ನಡೆಗಳಿಗೆ ನಾನು ಸರಾಸರಿ ಒಂಬತ್ತು ಹತ್ತು ಗಂಟೆ ತೆಗೆದುಕೊಂಡಿದ್ದೆ. ಅಷ್ಟೂ ಹೊತ್ತು ಯೋಚಿಸಿದೆ ಅಂತಲ್ಲ. ಆದರೆ ಬೆಳಿಗ್ಗೆ ನೋಡಿ, ತಲೆಯಲ್ಲಿ ಇಟ್ಟುಕೊಂಡು, ಸಂಜೆ ಇನ್ನೊಮ್ಮೆ ನೋಡಿ ಆಡುತ್ತಿದ್ದೆ. 24ರ ನಂತರ ಅದು ಗಂಟೆಗೆ ಇಳಿಯಿತು. 33ರ ನಂತರ ನಿಮಿಷಕ್ಕೆ. ಅವರ ನಡೆ ಬಂದ ಕ್ಷಣ ಬಾಣ ಬಿಟ್ಟ ಹಾಗೆ ಉತ್ತರ ಬಿಡುತ್ತಿದ್ದೆ. ‘ನೋಡು, ನನಗೆ ಎರಡು ನಿಮಿಷ ಸಾಕು’ ಅಂತ ತೋರಿಸುವ ಚಪಲ.

ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರೆ. ನನ್ನ ನಡೆಗಳಲ್ಲಿ ಅದು ಬೇಗನೇ ಕಾಣಿಸಿತು. ಆನೆಯಿಂದ ಅವರ ರಾಜನನ್ನು ತಡೆದು ನಿಧಾನವಾಗಿ ಹಿಂಡಿದ್ದರೆ ಆಟದಲ್ಲಿ ಏನೂ ಉಳಿಯುತ್ತಿರಲಿಲ್ಲ. ಆದರೆ ಅದಕ್ಕೆ ಇನ್ನೂ 15 ನಡೆಯಾದರೂ ಬೇಕು, ಅಂದರೆ ಇನ್ನೂ 45 ದಿನ. ನಾನು ಚೆಸ್ಸನ್ನು ಬಿಟ್ಟು ಕ್ಯಾಲೆಂಡರ್ ನೋಡಿ ಆಡತೊಡಗಿದ್ದೆ. ಅವರ ಎ ಸಾಲಿನ ಕಾಲಾಳು ಓಡಿ ಬರುತ್ತಿತ್ತು. ಅದನ್ನು ಹೊಡೆದು ಆನೆಯನ್ನೇ ಕೊಟ್ಟುಬಿಟ್ಟೆ. ನನ್ನ ಎಫ್ ಸಾಲಿನ ಕಾಲಾಳು ಹೇಗೂ ರಾಣಿಯಾಗುತ್ತದೆ, ಅವರ ಹತ್ತಿರ ಉಳಿಯುವುದು ಒಂದು ಕುದುರೆ ಮಾತ್ರ ಎಂಬ ಲೆಕ್ಕ. ಲೆಕ್ಕ ತಪ್ಪೇನೂ ಆಗಿರಲಿಲ್ಲ. ಆದರೆ ಅವರ ಕುದುರೆಗೆ ಎದುರಾಗಿ ನನ್ನ ಆನೆ ಇದ್ದ ಸ್ಥಿತಿಯನ್ನು ಒಂದು ಕಾಲಾಳಿನ ಮೇಲೆ ನಿಂತ ಸ್ಥಿತಿಯಾಗಿ ಮಾಡಿಕೊಂಡಿದ್ದೆ.

51ನೇ ನಡೆಗೆ ಬೋರ್ಡ್ ಹೀಗಿತ್ತು. ಕಾಯಿ ಜೋಡಿಸಿ ನೋಡುವವರು ಜೋಡಿಸಿಕೊಳ್ಳಿ, ನಾಲ್ಕೇ ಕಾಯಿ. ನನ್ನದು ಬಿಳಿ: ರಾಜ ಇ7, ಕಾಲಾಳು ಎಫ್7. ಅವರದು ಕಪ್ಪು: ರಾಜ ಎಚ್8, ಕುದುರೆ ಜಿ4. ಕಾಲಾಳನ್ನು ಎಫ್7ಕ್ಕೆ ತಳ್ಳಿ ನಾನು ಕಳಿಸಿದ್ದೆ. ಈಗ ಅವರ ಸರದಿ. ಮುಂದಿನ ನಡೆಯಲ್ಲಿ ನಾನು ರಾಣಿ ಪಡೆಯುವುದನ್ನು ಅವರು ತಡೆಯಲಾರರು. ಮಲಗುವ ಮುಂಚೆ ಫೋನ್ ಕೆಳಗಿಟ್ಟೆ. ಇನ್ನು ಮೂರು ದಿನ ಏನೂ ಬರುವುದಿಲ್ಲ ಅಂತ ಗೊತ್ತಿತ್ತಲ್ಲ.

40 ನಿಮಿಷಕ್ಕೆ ನಡೆ ಬಂತು. ಕುದುರೆ ಎಫ್6ಕ್ಕೆ.

ಎರಡೂವರೆ ತಿಂಗಳಲ್ಲಿ ಮೊದಲ ಸಲ ಅವರ ನಡೆ ಒಂದು ಗಂಟೆಯೊಳಗೆ ಬಂದಿತ್ತು. ಹಾಳೆಯಲ್ಲಿ ಗಂಟೆ ಬರೆದುಕೊಂಡವನಿಗೆ ಆ ಕ್ಷಣವೇ ಕಿವಿ ನೆಟ್ಟಗಾಗಬೇಕಿತ್ತು. ಮುಖ ತಿರುಗಿಸಿಕೊಂಡಿದ್ದ ಮನುಷ್ಯ ಇದ್ದಕ್ಕಿದ್ದ ಹಾಗೆ ತಿರುಗಿ ನೋಡಿದ್ದಾರೆ ಅಂದರೆ ಏನೋ ಕಂಡಿದೆ. ನನಗೆ ಅನಿಸಿದ್ದು ಬೇರೆ. ‘ಕೊನೆಗೂ ಬೇಸತ್ತು ಕುದುರೆಯನ್ನು ಬಾಯಿಗೆ ಕೊಟ್ಟರು’ ಅಂತ ಖುಷಿಯಾಗಿ ರಾಜನಿಂದ ಅದನ್ನು ಹೊಡೆದೆ.

ಈಗ ನನ್ನ ರಾಜ ಎಫ್6ರಲ್ಲಿ, ಕಾಲಾಳು ಎಫ್7ರಲ್ಲಿ. ಅವರದು ಎಚ್8ರಲ್ಲಿ ಒಂಟಿ ರಾಜ. ಅವರಿಗೆ ಇರುವುದು ಒಂದೇ ನಡೆ. ಜಿ8ನ್ನು ನನ್ನ ಕಾಲಾಳು ಕಾಯುತ್ತದೆ, ಜಿ7ನ್ನು ನನ್ನ ರಾಜ. ಹಾಗಾಗಿ ಎಚ್7, ಬೇರೆ ದಾರಿಯೇ ಇಲ್ಲ. ಒಂದೇ ನಡೆ ಇರುವಾಗಲೂ ಈ ಮನುಷ್ಯ 71 ಗಂಟೆ ತೆಗೆದುಕೊಳ್ಳುತ್ತಾರೆ ಎಂದು ನನಗೆ ಗೊತ್ತಿತ್ತು. ಕನಿಷ್ಠ ನನ್ನ ಕಡೆಯಿಂದ ತಡವಾಗಬಾರದು ಅಂತ ಷರತ್ತಿನ ನಡೆ ಹಾಕಿದೆ.

ಷರತ್ತಿನ ನಡೆ ಅಂಚೆ ಚೆಸ್ಸಿನ ಹಳೆಯ ಅನುಕೂಲ. ‘ನೀವು ಹೀಗೆ ಆಡಿದರೆ ನಾನು ಹೀಗೆ’ ಅಂತ ಕಾರ್ಡಿನ ಮೇಲೇ ಬರೆದು ಕಳಿಸಿದರೆ ಒಂದು ಸುತ್ತು ಅಂಚೆ ಉಳಿಯುತ್ತಿತ್ತು. ಈಗ ಸೈಟ್‌ನಲ್ಲಿ ಮೊದಲೇ ಇಟ್ಟರೆ ಎದುರಾಳಿ ಆ ನಡೆ ಆಡಿದ ಕ್ಷಣ ನಮ್ಮ ಉತ್ತರ ತಾನಾಗಿ ಹೋಗುತ್ತದೆ. ಅಲ್ಲಿಯವರೆಗೆ ಅವರಿಗೆ ಅದು ಕಾಣುವುದಿಲ್ಲ. ನಾನು ಇಟ್ಟದ್ದು ಹೀಗೆ: ಅವರ ರಾಜ ಎಚ್7ಕ್ಕೆ ಬಂದರೆ, ನನ್ನ ಕಾಲಾಳು ಎಫ್8ಕ್ಕೆ ಹೋಗಿ ರಾಣಿ.

ಓದುವವರಲ್ಲಿ ಕೆಲವರು ಆಗಲೇ ನಕ್ಕಿರಬಹುದು. ಎಫ್8ರ ರಾಣಿ ಜಿ8, ಎಚ್8, ಜಿ7, ಎಚ್6 ಎಲ್ಲವನ್ನೂ ಮುಚ್ಚುತ್ತಾಳೆ. ಜಿ6ನ್ನು ನನ್ನ ರಾಜ ಮುಚ್ಚಿದ್ದಾನೆ. ಆದರೆ ಎಚ್7ರಲ್ಲಿ ನಿಂತ ಕಪ್ಪು ರಾಜನಿಗೆ ಚೆಕ್ ಇಲ್ಲ. ಚೆಕ್ ಇಲ್ಲ, ನಡೆಯೂ ಇಲ್ಲ. ಸ್ಟೇಲ್‌ಮೇಟ್. ಡ್ರಾ.

ಎರಡೂವರೆ ತಿಂಗಳು ಕಾದು, ಅಷ್ಟು ಮುಂದಿದ್ದು, ಅರ್ಧ ಅಂಕ. ಅದೂ ನಾನೇ ಬರೆದಿಟ್ಟ ನಡೆಯಿಂದ. ಅವರು ಎಚ್7 ಒತ್ತಿದರೆ ಸಾಕಿತ್ತು.

ಅವರು ಒತ್ತಲಿಲ್ಲ.

ಮರುದಿನ ಸಂಜೆ ನನಗೆ ಹೊತ್ತು ಹೋಗದೆ ಮರದ ಬೋರ್ಡ್ ತೆಗೆದು ಆ ಸ್ಥಿತಿ ಜೋಡಿಸಿದೆ. ಹೇಗೂ ಗೆದ್ದಾಗಿದೆ, ಮೇಟ್ ಎಷ್ಟು ನಡೆಗೆ ಆಗುತ್ತದೆ ಅಂತ ಎಣಿಸುವ ಉದ್ದೇಶ. ರಾಣಿ ಮತ್ತು ರಾಜ ಸೇರಿ ಒಂಟಿ ರಾಜನನ್ನು ಹೆಚ್ಚೆಂದರೆ 10 ನಡೆಯಲ್ಲಿ ಮೇಟ್ ಮಾಡಬಹುದು. ಅವರ ವೇಗದಲ್ಲಿ ಅದಕ್ಕೂ 30 ದಿನ ಅಂತ ಗೊಣಗುತ್ತಾ ರಾಣಿಯನ್ನು ಎಫ್8ರಲ್ಲಿಟ್ಟೆ. ಆಮೇಲೆ ಕಪ್ಪು ರಾಜನನ್ನು ಬೆರಳಲ್ಲಿ ಹಿಡಿದು ಎಲ್ಲಿಗೆ ಕಳಿಸಲಿ ಅಂತ ನೋಡಿದೆ. ಆ ಮನೆ ಇಲ್ಲ, ಈ ಮನೆ ಇಲ್ಲ. ರಾಜ ಬೆರಳಲ್ಲೇ ಉಳಿದ.

ಫೋನ್ ಎಲ್ಲಿಟ್ಟೆ ಎಂದು ಹುಡುಕಿದ ಆ ಒಂದು ನಿಮಿಷವನ್ನು ವಿವರಿಸುವುದಿಲ್ಲ. ಸೈಟ್ ತೆರೆದಾಗ ಇನ್ನೂ ಅವರ ಸರದಿಯೇ ಇತ್ತು. ಗಡಿಯಾರದಲ್ಲಿ 53 ಗಂಟೆ ಬಾಕಿ. ಷರತ್ತಿನ ನಡೆ ಅಳಿಸಿದೆ. ಬದಲಿಗೆ ಕಾಲಾಳು ಎಫ್8ಕ್ಕೆ ಹೋಗಿ ಆನೆ ಆಗುವ ನಡೆ ಇಟ್ಟೆ. ಆನೆಗೆ ಓರೆ ಓಟ ಇಲ್ಲ, ಹಾಗಾಗಿ ಎಚ್6 ತೆರೆದೇ ಇರುತ್ತದೆ. ಕಪ್ಪು ರಾಜ ಅಲ್ಲಿಗೆ ಹೋಗಲೇಬೇಕು. ಹೋದರೆ ಆನೆ ಎಚ್8ಕ್ಕೆ ಬಂದು ಮೇಟ್. ಅದನ್ನೂ ಮರದ ಬೋರ್ಡ್ ಮೇಲೆ ಮೂರು ಸಲ ಆಡಿ ನೋಡಿ, ಆಮೇಲೆ ಇಟ್ಟೆ.

ಅವರ ಎಚ್7 ಬಂದದ್ದು 68ನೇ ಗಂಟೆಗೆ. ಅಂದರೆ ಅವರ ನಿಧಾನವೇ ನನ್ನನ್ನು ಉಳಿಸಿತು. 40 ನಿಮಿಷದಲ್ಲಿ ಬಲೆ ಹಾಕಿದವರು ಇನ್ನು 40 ನಿಮಿಷ ಅದೇ ಹುರುಪಲ್ಲಿದ್ದಿದ್ದರೆ ಡ್ರಾ ಅವರ ಕೈಯಲ್ಲಿತ್ತು. ಆದರೆ ಹುರುಪು ಆರಿದ ಮೇಲೆ ಅವರು ಮತ್ತೆ ಹಳೆಯ ಅಭ್ಯಾಸಕ್ಕೆ ಹೋದರು.

ಆನೆ ಬಂದದ್ದನ್ನು ನೋಡಿಯೂ ಅವರು ಸೋಲು ಒಪ್ಪಲಿಲ್ಲ. ಎಚ್6 ಆಡಲು ಮತ್ತೆ 71 ಗಂಟೆ ತೆಗೆದುಕೊಂಡರು. 54ನೇ ನಡೆಗೆ ಮೇಟ್.

ಆಮೇಲೆ

ಈ ಆಟದ ನಂತರ ನನ್ನ ಅಭ್ಯಾಸ ಸ್ವಲ್ಪ ಬದಲಾಗಿದೆ. ಗೆಲ್ಲುತ್ತಿರುವ ಆಟದಲ್ಲಿ ಅವರ ನಡೆ ಬಂದ ದಿನ ಉತ್ತರಿಸುವುದಿಲ್ಲ, ಮರುದಿನ ಆಡುತ್ತೇನೆ. ಅವರ 71 ಗಂಟೆಗೆ ನನ್ನದೂ ಒಂದು ದಿನ ಸೇರಿ ಆಟ ಇನ್ನಷ್ಟು ಉದ್ದವಾಗುತ್ತದೆ, ನಿಜ. ಮುಂದಿನ ಸುತ್ತಿಗೆ ಕಾಯುವವರು ಇದ್ದರೆ ಬೈದುಕೊಳ್ಳುತ್ತಾರೆ. ಷರತ್ತಿನ ನಡೆ ಇಡುವಾಗ ಅದರ ಕೊನೆಯ ಸ್ಥಿತಿಯನ್ನು ಬೋರ್ಡ್ ಮೇಲೆ ಜೋಡಿಸಿ ಎದುರಾಳಿಯ ಕಡೆಯಿಂದ ಒಂದು ನಡೆ ಆಡಿ ನೋಡುತ್ತೇನೆ. ಗಂಟೆ ಬರೆಯುವ ಹಾಳೆ ಈಗಲೂ ಇದೆ, ಕೆಲಸ ಮಾತ್ರ ಬೇರೆ. ನಿಧಾನವಾಗಿದ್ದವರು ದಿಢೀರನೆ ಬೇಗ ಆಡಿದರೆ ಅಲ್ಲಿ ನಿಲ್ಲುತ್ತೇನೆ. ಪಂದ್ಯಾವಳಿ ನಡೆಸುವವರಿಗೆ ನನ್ನದೊಂದು ಸಲಹೆ ಇದೆ: ಸುತ್ತಿಗೆ ಕೊನೆಯ ದಿನ ಇಟ್ಟು, ಉಳಿದ ಆಟವನ್ನು ತೀರ್ಪಿಗೆ ಕೊಡಿ. ಆಟಗಾರರ ಮನಸ್ಸಿನಲ್ಲಿ ಏನಿದೆ ಅಂತ ಹುಡುಕುವ ಕಷ್ಟ ಯಾರಿಗೂ ಬೇಡ.

ಮೇಟ್ ಆದ ಎರಡು ದಿನಕ್ಕೆ ಅವರಿಗೆ ಬರೆದೆ. 33ನೇ ನಡೆಯ ಮಾತಿಗೆ ಕ್ಷಮೆ ಕೇಳಿದೆ. ಆ ಕುದುರೆ ನಡೆ ಚೆನ್ನಾಗಿತ್ತು ಅಂದೆ. ಒಂದು ಪ್ರಶ್ನೆಯನ್ನೂ ಕೇಳಿದೆ: ಬಲೆ ಹಾಕಿದ ಮೇಲೆ ಎಚ್7 ಆಡಲು ಯಾಕೆ ಮೂರು ದಿನ?

‘ನೀವು ಕುದುರೆ ಹೊಡೆದ ನೋಟಿಫಿಕೇಶನ್ ಬಂತು. ಆಡಿದರೆ ನೀವು ರಾಣಿ ಮಾಡುತ್ತೀರೋ ಆನೆ ಮಾಡುತ್ತೀರೋ ಅಂತ ಗೊತ್ತಾಗಿಬಿಡುತ್ತಿತ್ತು’ ಎಂದು ಬರೆದರು. ‘ಆಡದೆ ಇದ್ದರೆ ಇನ್ನೂ ಡ್ರಾ ಆಗಬಹುದು ಅಂತ ಇರುತ್ತದಲ್ಲ. ಆ ಮೂರು ದಿನ ಖುಷಿಯಾಗಿದ್ದೆ.’

ನಾನು ನಿಜ ಹೇಳಿದೆ. ನೀವು ಆ ಮೊದಲ ರಾತ್ರಿಯೇ ಆಡಿದ್ದರೆ ಡ್ರಾ ಆಗುತ್ತಿತ್ತು, ರಾಣಿ ಷರತ್ತಿನಲ್ಲಿ ಕೂತಿದ್ದಳು ಅಂತ.

ಈ ಸಲ ಉತ್ತರ ಹತ್ತು ನಿಮಿಷದಲ್ಲಿ ಬಂತು. ‘ಎಷ್ಟು ಹೊತ್ತು ಇತ್ತು?’

‘19 ಗಂಟೆ’ ಅಂದೆ.